ಉಜ್ಜಿಹೋದ ಗಂಟು

ನಮ್ಮ ಭಾವ ಗೋಡೆ ಸವರದೆ ನಡೆದವರಲ್ಲ. ಬೀದಿಯಿರಲಿ, ಆಸ್ಪತ್ರೆಯ ಹಜಾರವಿರಲಿ, ಬಲಗೈ ಬೆರಳುಗಳು ಪಕ್ಕದ ಗೋಡೆಯನ್ನು ಮೆಲ್ಲಗೆ ತಡವುತ್ತಲೇ ಇರುತ್ತವೆ; ಎಲ್ಲಾದರೂ ಸುಣ್ಣದ ಹಕ್ಕಳೆಯೋ ಮೊಳೆಯ ತಲೆಯೋ ಸಿಕ್ಕಿತೆಂದರೆ ಕಾಲಿನ ಜೊತೆಗೆ ಮಾತೂ ಅಲ್ಲೇ ನಿಲ್ಲುತ್ತದೆ. ಹೊಸ ಲೋಟ ಕೊಂಡರೆ ಮೊದಲು ಕೆನ್ನೆಗೊತ್ತಿ ನೋಡಿ, ಆಮೇಲೆ ನೀರು ಕುಡಿಯುತ್ತಾರೆ. "ಇವ್ರನ್ನ ಬಿಟ್ರೆ ನನ್ನ ಮುಖದ ಸುಕ್ಕನ್ನೂ ಉಜ್ಜಿ ತೆಗೀತಾರೆ ಕಣೇ" ಎಂದು ಅಕ್ಕ ಹಂಗಿಸಿದರೆ, "ಅಷ್ಟು ನಯದ ಉಪ್ಪುಕಾಗದ ಇನ್ನೂ ಬಂದಿಲ್ಲ" ಎಂದು ತಲೆಯೆತ್ತದೆ ಉತ್ತರಿಸುತ್ತಾರೆ.

ಅವರ ಕಸುಬೇ ಅದು. ವೈದ್ಯಕೀಯ ಸಂಶೋಧಕರು ರೋಗಿಗಳ ಸ್ಕ್ಯಾನ್ ಕಳಿಸುತ್ತಾರೆ. ಅದರಂತೆ ನಮ್ಮ ಕಾರ್ಯಾಗಾರದ ಯಂತ್ರ ಹೃದಯವನ್ನೋ ಮೂಳೆಯನ್ನೋ ರೆಸಿನ್ ಎಂಬ ಗಟ್ಟಿಯಾಗುವ ದ್ರವದಲ್ಲಿ ಪದರಪದರವಾಗಿ ಮುದ್ರಿಸುತ್ತದೆ. ಅದನ್ನು ತೊಳೆಯುವುದು ನನ್ನ ಪಾಲು. ಮುದ್ರಿಸುವಾಗ ಕುಸಿಯದಿರಲೆಂದು ಯಂತ್ರ ಕೊಟ್ಟ ಆಸರೆಕಡ್ಡಿಗಳನ್ನು ಮುರಿದು, ಅವು ಬಿಟ್ಟ ಗಂಟುಗಳನ್ನು ಅರದಿಂದ ಉಜ್ಜಿ, ಪದರಗಳ ಗೆರೆ ಮಾಯವಾಗುವ ತನಕ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ತಿಕ್ಕುವುದು ಭಾವನ ಪಾಲು. ಮೊಣಕೈ ಸವೆದ ಬೂದುಬಣ್ಣದ ಕೋಟು ತೊಟ್ಟು ಕಿಟಕಿಯ ಬಳಿ ಕೂತರೆಂದರೆ ಊಟದ ಕರೆಯೂ ಕೇಳಿಸದು. "ಇನ್ನೊಂದು ಕೈ" ಎನ್ನುತ್ತಾರೆ. ಆ ಒಂದು ಕೈ ಎಷ್ಟು ಹೊತ್ತಿನದೆಂದು ದೇವರೇ ಬಲ್ಲ. ನಾನು ಮನಸ್ಸಿನಲ್ಲೇ ಪ್ರಾರ್ಥಿಸುತ್ತ ಕೆಲಸ ಮಾಡುವವಳು. ಆ ಉಜ್ಜುವ ಸದ್ದು ನನ್ನ ಪ್ರಾರ್ಥನೆಗೆ ಎಂದೂ ಅಡ್ಡಬಂದದ್ದಿಲ್ಲ.

ಒಮ್ಮೆ ಸಂಶೋಧಕಿಯೊಬ್ಬರಿಗೆ ಕತ್ತಿನ ರಕ್ತನಾಳದ ಮಾದರಿ ಬೇಕಾಗಿತ್ತು. ಗಾಜಿನಂತೆ ಪಾರದರ್ಶಕ, ಉದ್ದಕ್ಕೆ ಎರಡು ಹೋಳು. ಒಳಗೋಡೆಯನ್ನು ನಯಗೊಳಿಸಿ ಭಾವ ಅವನ್ನು ಅಂಟಿಸಿಕೊಟ್ಟರು. ಅದರೊಳಗೆ ಬಣ್ಣದ ದ್ರವ ಹರಿಸಿ, ಎಲ್ಲೆಲ್ಲಿ ಸುಳಿಯುತ್ತದೆಂದು ಆಕೆ ಅಳೆಯತೊಡಗಿದರು. ಕೆಲಸ ಹಿಡಿಸಿ, ಅದೇ ಸ್ಕ್ಯಾನಿನಿಂದ ಅಂಥದೇ ಇನ್ನೊಂದನ್ನು ಕೇಳಿದರು.

ಎರಡನೆಯದನ್ನು ಯಂತ್ರದಲ್ಲಿ ಬೇರೆ ಮಗ್ಗುಲಿಗೆ ವಾಲಿಸಿ ಮುದ್ರಿಸಿದೆವು. ಹಾಗೆ ಮಾಡಿದರೆ ಕಡ್ಡಿಗಳ ಜಾಗ ಬದಲಾಗುತ್ತದೆ, ಗಂಟುಗಳೂ ಬೇರೆ ಕಡೆ ಏಳುತ್ತವೆ. ಆದರೆ ನಾಳ ಕವಲೊಡೆಯುವಲ್ಲಿ, ಮೊದಲ ಮಾದರಿಯಲ್ಲಿದ್ದ ಜಾಗದಲ್ಲೇ, ಒಂದು ಗಂಟು ಭಾವನ ಬೆರಳಿಗೆ ಸಿಕ್ಕಿತು. ಕೈ ನಿಂತಿತು.

"ಯಾಕೆ ಭಾವ?"

"ಹೋದ ಸಲ ಇದನ್ನ ಕಡ್ಡೀದು ಅಂದ್ಕೊಂಡೆ. ಇದು ನಾಳದೊಳಗೆ ಕಟ್ಟಿದ ಕೊಬ್ಬಿನ ಗಂಟು. ಆ ಮನುಷ್ಯನ ಕಾಯಿಲೇನೇ ಉಜ್ಜಿ ಹಾಕಿದೀನಿ ಕಣಮ್ಮ."

ಊಟಕ್ಕೆ ಕರೆಯಲು ಬಂದ ಅಕ್ಕ ಕೇಳಿಸಿಕೊಂಡಳು. "ಅವ್ರಿಗೇ ಗೊತ್ತಾಗಿಲ್ಲ. ನೀವ್ಯಾಕೆ ಕೆರೆದು ಹುಣ್ಣು ಮಾಡ್ಕೋತೀರಿ? ನಾಳೆ ಕೆಲಸ ಕೊಡೋರ್ಯಾರು?"

"ಗೊತ್ತಾಗೋ ಹಾಗೆ ನಾನು ಏನೂ ಉಳಿಸಿಲ್ವಲ್ಲೇ, ಅದೇ ಕಷ್ಟ."

ಮಾರನೆಯ ದಿನ ಪ್ರಯೋಗಾಲಯಕ್ಕೆ ನಾನೂ ಜೊತೆಗೆ ಹೋದೆ. ಭಾವ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಆಕೆ ದ್ರವ ಹರಿಸುವ ಪಂಪು ನಿಲ್ಲಿಸಿ, ಆ ನಾಳವನ್ನು ದೀಪಕ್ಕೆ ಹಿಡಿದು ನೋಡಿದರು.

"ಅಂದ್ರೆ ಇಷ್ಟು ದಿನ ನಾನು ಅಳೆದದ್ದು ಬೇರೆ ಯಾರದೋ ಕತ್ತು."

"ಯಾರ ಕತ್ತೂ ಅಲ್ಲಮ್ಮ. ನನ್ನ ಕೈಕೆಲಸ."

"ಇನ್ನೊಂದನ್ನ ಉಜ್ಜಬೇಡಿ. ಹಾಗೇ ಕೊಡಿ."

"ಪದರದ ಗೆರೆ ಉಳಿದ್ರೆ ದ್ರವ ಎಲ್ಲಾ ಕಡೇನೂ ಸುಳಿಯುತ್ತೆ. ಆ ಗಂಟು ಬಿಟ್ಟು ಮಿಕ್ಕಿದ್ದು ಮಾಡ್ತೀನಿ."

"ನಿಮ್ಮ ಕೈಯನ್ನ ಹೇಗೆ ನಂಬಲಿ?"

ಕಡೆಗೆ ಆಕೆಯೇ ಸ್ಕ್ಯಾನ್ ಹಿಡಿದು ನಮ್ಮಲ್ಲಿಗೆ ಬಂದು, ಭಾವನ ಎದುರು ಸ್ಟೂಲು ಎಳೆದುಕೊಂಡು ಕೂತರು. ಯಾರನ್ನೂ ಕೇಳಿ ಕೆಲಸ ಮಾಡಿ ಅಭ್ಯಾಸವಿಲ್ಲದ ಮನುಷ್ಯ ಅಂದು ಪ್ರತಿ ಗಂಟಿಗೂ ಅರ ತಡೆದು, "ಇದು ಕಡ್ಡೀದೋ, ಅವ್ರದೋ?" ಎಂದು ಕೇಳಿದರು; ಆಕೆ ಸ್ಕ್ಯಾನ್ ನೋಡಿ ಹೇಳಿದರು. ಕವಲಿನ ಗಂಟಿನ ಸುತ್ತ ಬರುವಾಗ ಉಪ್ಪುಕಾಗದವನ್ನು ಉಗುರಿನಷ್ಟು ಚಿಕ್ಕದಾಗಿ ಮಡಚಿದ್ದರು. ಉಜ್ಜುವುದಕ್ಕಿಂತ ಉಜ್ಜದೆ ಬಿಡುವುದಕ್ಕೇ ಅವರು ಹೆಚ್ಚು ಬೆವರಿದ್ದು. ಆಕೆ ಕ್ಷಮಿಸಿದೆನೆಂದು ಹೇಳಲಿಲ್ಲ. ಮಾದರಿಯನ್ನು ಮಾತ್ರ ಒಯ್ದರು, ಮೊದಲಿನಿಂದ ಅಳೆಯಲು.

ಕುಂಬಾರನ ಬೆರಳ ಗುರುತು ಮಡಕೆಯ ಮೇಲುಳಿಯುತ್ತದೆ, ದರ್ಜಿಯ ಹೊಲಿಗೆ ಬಟ್ಟೆಯ ಮೇಲೆ ಕಾಣುತ್ತದೆ. ನಯಗೊಳಿಸುವವರದು ಹಾಗಲ್ಲ, ಕೆಲಸ ಚೆನ್ನಾಗಿ ಮುಗಿಯಿತೆಂದರೆ ಕೆಲಸ ನಡೆದದ್ದೇ ತಿಳಿಯುವುದಿಲ್ಲ. ಅವರ ತಪ್ಪೂ ಅಷ್ಟೇ ನಯವಾಗಿರುತ್ತದೆ. ಅದನ್ನು ಕಾಣುವವನು ದೇವರೊಬ್ಬನೇ, ಅವನೋ ಯಾರಿಗೂ ದೂರು ಹೇಳುವುದಿಲ್ಲ. ಹಾಗಾಗಿ ಅಂಥವರಿಗೆ ತಪ್ಪನ್ನು ಬಾಯಿಬಿಟ್ಟು ಹೇಳುವುದೂ ಕಸುಬಿನದೇ ಒಂದು ಭಾಗ. ಕೈ ಪಳಗಿದ ಎಷ್ಟೋ ಕಾಲದ ಮೇಲೆ ಆ ಬಾಯಿ ಪಳಗುತ್ತದೆ.