ಬಲಗಡೆಯ ಗುಂಡಿಗೆ

ಆ ಜನಕ್ಕೆ ಗುಂಡಿಗೆ ಎರಡು. ಹಾಗಂತ ಧೈರ್ಯವೂ ಎರಡರಷ್ಟು ಅಂದುಕೊಂಡೀರಿ, ಎಲ್ಲಿಯ ಮಾತು! ಎಡಗಡೆಯದು ಹುಟ್ಟುವಾಗಲೇ ಬಡಿದುಕೊಳ್ಳುತ್ತ ಬರುತ್ತದೆ, ಹದಿನಾರು ವರ್ಷಕ್ಕೆ ಅದರ ಋಣ ತೀರುತ್ತದೆ. ಬಲಗಡೆಯದು ಅಲ್ಲಿಯವರೆಗೂ ಸುಮ್ಮನೆ ಮಲಗಿರುತ್ತದೆ. ಅದನ್ನು ಎಬ್ಬಿಸಬೇಕಾದರೆ ಮಗು ಒಮ್ಮೆ ಸಾಯಬೇಕು. ಬತ್ತಿಮನೆಗೆ ಕರೆದೊಯ್ದು, ಕಹಿ ಕಷಾಯ ಕುಡಿಸಿ, ಕಲ್ಲುಮಂಚದ ಮೇಲೆ ಮಲಗಿಸಿ, ಬೆರಳುದ್ದದ ಬತ್ತಿ ಹಚ್ಚುತ್ತಾರೆ. ಎಡಗುಂಡಿಗೆ ನಿಲ್ಲುತ್ತದೆ. ಬತ್ತಿ ಉರಿದು ಮುಗಿಯುವುದರೊಳಗೆ ಬಲಗುಂಡಿಗೆ ಎದ್ದರೆ ಸರಿ, ಇಲ್ಲದಿದ್ದರೆ ಮಗು ಹೋದಂತೆಯೇ. ಕುಡಿಸದೆ ಬಿಟ್ಟರಾಯಿತಲ್ಲ ಅಂತ ಕೇಳಬೇಡಿ. ಬಿಟ್ಟರೂ ವರ್ಷದೊಳಗೆ ಎಡಗಡೆಯದು ತಾನೇ ನಿಲ್ಲುತ್ತದೆ, ಆಗ ಎಬ್ಬಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಎಬ್ಬಿಸುವುದೂ ಸುಲಭವಲ್ಲ. ಮನೆಯವರೊಬ್ಬರು ಮರದ ಕೊಡತಿ ಹಿಡಿದು ಕಲ್ಲುಮಂಚದ ಅಂಚಿಗೆ ತಮ್ಮ ಮನೆಯ ತಾಳ ಬಡಿಯಬೇಕು. ಅದನ್ನು ಹಿಡಿದು ಗುಂಡಿಗೆ ಏಳುತ್ತದೆ. ನೇಕಾರನದು ಮಗ್ಗದ ತಾಳ, ಕಮ್ಮಾರನದು ಸುತ್ತಿಗೆಯ ತಾಳ. ತನ್ನ ಕಸುಬಿನ ಹೆಮ್ಮೆ ಯಾವ ಗಂಡಸಿಗೆ ಇರುವುದಿಲ್ಲ ಹೇಳಿ.

ಮೇಸ್ತ್ರಿಗೂ ಇತ್ತು. ಕಲ್ಲುಗಣಿಯಲ್ಲಿ ಅವನಷ್ಟು ಚೊಕ್ಕವಾಗಿ ಉಳಿ ಹೊಡೆಯುವವರು ಇನ್ನೊಬ್ಬರಿರಲಿಲ್ಲ. ನಾಲ್ಕು ವರ್ಷದ ಹಿಂದೆ ಮಗ ಕಲ್ಲುಮಂಚದ ಮೇಲೆ ಮಲಗಿದಾಗ ಗಣಿಯ ತಾಳವನ್ನೇ ಬಡಿದ, ಒಂದು ಏಟೂ ತಪ್ಪಲಿಲ್ಲ. ಬತ್ತಿ ಮುಗಿಯಿತು, ಮಗ ಏಳಲಿಲ್ಲ. ಆಮೇಲೂ ಬಡಿಯುತ್ತಲೇ ಇದ್ದವನ ಕೈಯಿಂದ ಕೊಡತಿ ಕಿತ್ತುಕೊಳ್ಳಲು ಇಬ್ಬರು ಬೇಕಾದರು. ತಿಂಗಳೊಳಗೆ, ಗಣಿಯಲ್ಲಿ ಮೈಮರೆತು ನಿಂತವನ ಎಡಗಾಲ ಮೇಲೆ ಬಂಡೆ ಉರುಳಿತು. ಮತ್ತೆ ಅವನು ಸುತ್ತಿಗೆ ಮುಟ್ಟಲಿಲ್ಲ, ಗಣಿಯ ಗೇಟಿನಲ್ಲಿ ಕಾವಲಿಗೆ ಕೂತ. ಹೆಂಡತಿ ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದವಳು ಮಗಳೊಬ್ಬಳು. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಎಲ್ಲರೂ ಅವಳನ್ನು ಚೋಟು ಅಂತಲೇ ಕರೆಯುತ್ತಿದ್ದರು.

ಇಬ್ಬರೇ ಇದ್ದ ಮನೆಯಲ್ಲಿ ಮಾತು ಅಷ್ಟಕ್ಕಷ್ಟೆ. ಸಂಜೆ ಊಟ ಮುಗಿಸಿದವನು ಹಲಗೆ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಿದ್ದ. ಕೂತರೆ ಸಾಕು, ಮಗನ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಬಲಗಾಲು ಟಪ್ಪೆಂದು ಊರುತ್ತಿತ್ತು, ಎಡಗಾಲು ಸರ್ರೆಂದು ಎಳೆಯುತ್ತಿತ್ತು.

"ಅಪ್ಪಾ, ಸ್ವಲ್ಪ ಕೂತ್ಕೋಬಾರ್ದಾ? ನಿನ್ನ ಟಪ್-ಸರ್ರ್ ಕೇಳಿ ಕೇಳಿ ನಂಗೆ ತಲೆ ಚಿಟ್ಟು ಹಿಡೀತು!" ಎಂದು ಒಳಕೋಣೆಯಿಂದ ಚೋಟು ದಿನವೂ ಕೂಗುತ್ತಿದ್ದಳು. ಅವನು ಕೂರುತ್ತಿರಲಿಲ್ಲ. ಅದನ್ನೇ ಕೇಳುತ್ತ ಅವಳು ನಿದ್ದೆ ಹೋಗುತ್ತಿದ್ದಳು.

ಹದಿನಾರು ತುಂಬಿದ ದಿನ ಬೆಳಗ್ಗೆ ಅವಳೇ ಕೊಡತಿಯ ಧೂಳು ಒರೆಸಿ ಅವನ ಮುಂದಿಟ್ಟಳು.

"ನಾನು ಬಡಿಯಲ್ಲ" ಎಂದ ಮೇಸ್ತ್ರಿ. "ಬತ್ತಿಮನೆ ಡೋಲಿನವನಿಗೆ ಹೇಳಿದ್ದೀನಿ."

"ದಿಕ್ಕಿಲ್ಲದೋರಿಗೆ ಬಡಿಯೋನು ಅವನು. ಅವನ ತಾಳಕ್ಕೆ ಎದ್ದೋರು ಎಷ್ಟು ಜನ ಅಂತ ನಿಂಗೇ ಗೊತ್ತು."

"ನನ್ನ ತಾಳಕ್ಕೆ ಎದ್ದೋರು ಎಷ್ಟು ಜನ, ಅದೂ ಗೊತ್ತು."

ಚೋಟುವಿನ ಕಣ್ಣು ತುಂಬಿತು. "ಅಣ್ಣ ಹೋಗಿದ್ದು ನಿನ್ನಿಂದಲ್ಲ ಅಪ್ಪ" ಎಂದಳು. ಅವನು ಕೊಡತಿ ಮುಟ್ಟಲಿಲ್ಲ. ಅವಳೇ ಹೇಳಿದಳು: "ಆಯ್ತು ಬಿಡು. ಎದ್ರೂ ನಾನು ಈ ಮನೆಗೆ ವಾಪಸ್ ಬರೋ ಹಾಗಿಲ್ಲ. ಬಾಗಿಲ ತನಕನಾದ್ರೂ ಬಾ."

ಅದೂ ಅವರ ಕಟ್ಟಳೆಯೇ. ಎದ್ದವರು ಹಳೆಯ ಹೊಸ್ತಿಲು ತುಳಿಯುವಂತಿಲ್ಲ, ಅದು ಮಗು ಸತ್ತ ಮನೆ. ಹೆತ್ತವರು ಒಂದು ವರ್ಷ ಅವರ ಮುಖ ನೋಡುವಂತಿಲ್ಲ. ಚೋಟುವಿಗೆ ಊರ ಆಚೆ ಬದಿಯಲ್ಲಿ, ಬಟ್ಟೆಗೆ ಬಣ್ಣ ಹಾಕುವ ಅಂಗಡಿಯ ಮೇಲೆ ಒಂದು ಕೋಣೆ ಗೊತ್ತಾಗಿತ್ತು. ಅವಳ ಚಾಪೆ ಆಗಲೇ ಅಲ್ಲಿಗೆ ಹೋಗಿತ್ತು.

ಮಧ್ಯಾಹ್ನ ಬತ್ತಿಮನೆಯ ಬಾಗಿಲು ಮುಚ್ಚಿತು. ಒಳಗೆ ಚೋಟು, ಡೋಲಿನವನು, ಬತ್ತಿ ಕಾಯುವ ಮುದುಕಿ; ಅವಳನ್ನು ಎಲ್ಲರೂ ಬತ್ತಿಯಮ್ಮ ಎನ್ನುತ್ತಿದ್ದರು. ಹೊರಗೆ ಉದ್ದನೆಯ ಹಜಾರದಲ್ಲಿ ಒಂದು ಬೆಂಚು, ಮೇಸ್ತ್ರಿ ಒಬ್ಬನೇ. ಕಷಾಯದ ಲೋಟ ಕೆಳಗಿಟ್ಟ ಸದ್ದಾಯಿತು. ಡೋಲು ಶುರುವಾಯಿತು.

ಅವನಿಗೆ ಕೂರಲಾಗಲಿಲ್ಲ. ಹಜಾರಕ್ಕೂ ಒಳಕೋಣೆಗೂ ಒಂದೇ ಹಲಗೆಯ ನೆಲ, ಹಳೆಯದು, ಕಾಲಿಟ್ಟಲ್ಲೆಲ್ಲ ಅದುರುತ್ತಿತ್ತು. ಎಂಥ ಅಪ್ಪ ನಾನು, ಮಗಳನ್ನು ಯಾರದೋ ಡೋಲಿಗೆ ಒಪ್ಪಿಸಿ ಬಂದೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಆ ಗೋಡೆಗೆ ಹೋದ, ಈ ಗೋಡೆಗೆ ಬಂದ. ಎಷ್ಟು ಸಲವೋ ಲೆಕ್ಕವಿಲ್ಲ.

ಇದ್ದಕ್ಕಿದ್ದಂತೆ ಡೋಲು ನಿಂತಿತು.

ನಾಲ್ಕು ವರ್ಷದ ಹಿಂದೆಯೂ ಕೊನೆಗೆ ಉಳಿದದ್ದು ಇಂಥ ಸದ್ದಿಲ್ಲದ ಹೊತ್ತೇ. ಮೇಸ್ತ್ರಿಯ ಕಾಲು ನಿಂತಲ್ಲೇ ನಿಂತಿತು. ಮುಗಿಯಿತು ಎಂದುಕೊಂಡು ಗೋಡೆಗೆ ಹಣೆ ಆನಿಸಿದ.

ಬಾಗಿಲು ದಢಾರನೆ ತೆರೆಯಿತು. "ಇಲ್ಲಿ ಓಡಾಡ್ತಿದ್ದಿದ್ದು ಯಾರ್ರೀ?" ಬತ್ತಿಯಮ್ಮ ಏದುಸಿರು ಬಿಡುತ್ತಿದ್ದಳು.

"ನಾನೇ ಅಮ್ಮ... ಅವಳು..."

"ಅಳೋದು ಆಮೇಲೆ! ಮೊದ್ಲು ನಡೀರಿ! ಬಲಗಡೆ ಅಲುಗಾಡೋಕೆ ಶುರುವಾಗಿತ್ತು, ಡೋಲಿಗಲ್ಲ, ನಿಮ್ಮ ಕಾಲಿಗೆ. ಅಡ್ಡ ಬರುತ್ತೆ ಅಂತ ಡೋಲು ನಾನೇ ನಿಲ್ಲಿಸ್ದೆ. ನೀವು ನಿಂತ್ರಿ, ಅದೂ ನಿಂತೋಯ್ತು. ಬತ್ತಿ ಇನ್ನು ಉಗುರಷ್ಟಿದೆ!"

ಮೇಸ್ತ್ರಿ ಹೆಜ್ಜೆ ಎತ್ತಿದ. ಅಯ್ಯೋ, ಏನು ಹೇಳುವುದು, ನಾಲ್ಕು ವರ್ಷ ಕುಂಟಿದವನಿಗೆ ಕುಂಟುವುದು ಹೇಗೆಂದೇ ಮರೆತುಹೋಯಿತು. ಬಲಗಾಲು ಬೇಗ ಬಿತ್ತು, ಎಡಗಾಲು ತಡವರಿಸಿತು. "ಹಾಗಲ್ಲ, ಮೊದಲಿನ ಥರ!" ಎಂದು ಮುದುಕಿ ಒಳಗಿನಿಂದ ಕಿರುಚಿದಳು.

ಅವನು ಕಣ್ಣು ಮುಚ್ಚಿದ. ನಾಲ್ಕು ವರ್ಷದಿಂದ ಯಾವುದಕ್ಕೆ ಹೆದರಿ ಓಡಾಡುತ್ತಿದ್ದನೋ ಅದನ್ನೇ ಕರೆದ. ಮಗನ ಮುಖ ಬಂತು. ಕಾಲು ತಾನಾಗಿ ದಾರಿ ಹಿಡಿಯಿತು. ಟಪ್, ಸರ್ರ್. ಟಪ್, ಸರ್ರ್. ಗೋಡೆ ಮುಟ್ಟಿ ತಿರುಗಿದ, ಮತ್ತೆ ತಿರುಗಿದ.

ಒಳಗೆ ಯಾರೋ ಕೆಮ್ಮಿದರು. ಡೋಲಿನವನ ಕೆಮ್ಮಲ್ಲ, ಮುದುಕಿಯದೂ ಅಲ್ಲ, ಎಳೆಯ ಹೆಣ್ಣಿನ ಕೆಮ್ಮು.

ಹೊರುವ ಆಳುಗಳು ಬಂದು, ಮುಖಕ್ಕೆ ಬಟ್ಟೆ ಮುಚ್ಚಿ ಅವಳನ್ನು ಹೊರಗೆ ತಂದರು. ಬತ್ತಿಯಮ್ಮ ಮೇಸ್ತ್ರಿಯ ಕೈ ಹಿಡಿದು ಒಂದು ಗಳಿಗೆ ಮಗಳ ಬಲಗಡೆಯ ಪಕ್ಕೆಗೆ ಇಟ್ಟಳು. ಒಂದು ಗಟ್ಟಿ ಏಟು, ಆಮೇಲೆ ಒಂದು ಎಳೆತ. ಆ ಗುಂಡಿಗೆ ಅವನಂತೆಯೇ ಕುಂಟುತ್ತಿತ್ತು. ಬಟ್ಟೆಯೊಳಗಿಂದ ಚೋಟುವಿನ ಬೆರಳು ಹೊರಬಂದು ಅವನ ಹೆಬ್ಬೆರಳನ್ನು ಹಿಡಿಯಿತು. ಅಷ್ಟರಲ್ಲಿ ಹೊರುವವರು ಮುಂದೆ ನಡೆದರು.

"ಮಗನಿಗೆ ಏನು ಬಡಿದಿದ್ರಿ?" ಎಂದು ಮುದುಕಿ ಮೆಲ್ಲಗೆ ಕೇಳಿದಳು.

"ಗಣಿ ತಾಳ."

"ಗಣಿ ಮನೆ ಹತ್ರಾನಾ?"

"ಇಲ್ಲಮ್ಮ, ಒಂದು ಹರದಾರಿ ದೂರ. ನಾನು ಮನೆಗೆ ಬರೋ ಹೊತ್ತಿಗೆ ಅವನು ಮಲಗಿರ್ತಿದ್ದ."

"ಮತ್ತೆ ಆ ಮಗು ಅದನ್ನ ಎಲ್ಲಿ ಕೇಳಿರುತ್ತಪ್ಪಾ?"

ಮೇಸ್ತ್ರಿ ಬೆಂಚಿನ ಮೇಲೆ ಕುಸಿದು ಕೂತು ಅತ್ತ. ಉಳಿದ ಮಗಳಿಗೋ, ಹೋದ ಮಗನಿಗೋ, ಅವನಿಗೇ ತಿಳಿಯಲಿಲ್ಲ.

ಸಂಜೆ ಮನೆಗೆ ಬಂದ. ಒಳಕೋಣೆಯಲ್ಲಿ ಚಾಪೆ ಇದ್ದ ಜಾಗ ಖಾಲಿ ಇತ್ತು. ಕೊಡತಿ ಬೆಳಗ್ಗೆ ಇಟ್ಟಲ್ಲೇ ಇತ್ತು. ಊಟ ಸೇರಲಿಲ್ಲ. ಎದ್ದು ಓಡಾಡತೊಡಗಿದ. ಕಾಲು ಊದಿಕೊಂಡು ಪ್ರಾಣ ಹೋಗುವಷ್ಟು ನೋಯುತ್ತಿತ್ತು. ಒಮ್ಮೆ ಎದ್ದ ಗುಂಡಿಗೆಗೆ ಇನ್ನು ಯಾರ ಹಂಗೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕೂತ್ಕೋ ಅಪ್ಪ ಎಂದು ಒಬ್ಬರು ಹೇಳಿದ್ದರೆ ಕೂರುತ್ತಿದ್ದನೋ ಏನೋ. ಹೇಳುವವರು ಯಾರೂ ಇರಲಿಲ್ಲ. ಅವನು ಕೂರಲಿಲ್ಲ.