ಕಂಬಳಿಯ ಉಪವಾಸ

ಕಂಬಳಿ ಮತ್ತೆ ಎದ್ದ. ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ. ಸಿಮೆಂಟಿನ ಮೇಲೆ ಉಗುರಿನ ಟಕಟಕ ನಿಲ್ಲುತ್ತಲೇ ಇರಲಿಲ್ಲ. ಜಾಲರಿ ಬಾಗಿಲ ಈಚೆ ಕುಕ್ಕರುಗಾಲಲ್ಲಿ ಕೂತ ಗಿಣಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಡುವೆ ಬಟ್ಟಲು, ಬಟ್ಟಲಲ್ಲಿ ಬೇಯಿಸಿದ ಕೋಳಿ, ಹಾಕಿದ್ದು ಹಾಕಿದ ಹಾಗೆ.

ಗಿಣಿ ಎಂದರೆ ಹಕ್ಕಿಯಲ್ಲ, ಮನುಷ್ಯ. ಕಂಬಳಿ ಎಂಬ ಈ ನಾಯಿ ಬಂದಿಳಿದದ್ದು, ಊರಿಗೆ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಒಂದು ತಂಗುಮನೆಯಲ್ಲಿ. ಅದನ್ನು ನಡೆಸುವವಳು ಅಕ್ಕ, ಅಲ್ಲಿ ಊಟ ಹಾಕಿ ಕಸ ಗುಡಿಸುವವನು ಈ ತಮ್ಮ. ಯಾರ ದನಿ ಕಿವಿಗೆ ಬಿದ್ದರೂ ಮರುಗಳಿಗೆ ಬಾಯಲ್ಲಿ ಇಳಿಸುತ್ತಿದ್ದುದರಿಂದ ಕಾಲೇಜಿನಲ್ಲಿ ಬಿದ್ದ ಹೆಸರು ಗಿಣಿ. ಒಮ್ಮೆ ಪ್ರಿನ್ಸಿಪಾಲರ ದನಿಯಲ್ಲಿ ಮೈಕು ಹಿಡಿದು ಇಡೀ ಕಾಲೇಜಿಗೆ ಅರ್ಧ ದಿನ ರಜೆ ಸಾರಿದ್ದ. ಪ್ರಿನ್ಸಿಪಾಲರು ಸ್ವಂತ ದನಿಯಲ್ಲಿ ಅವನೊಬ್ಬನಿಗೆ ಸ್ವಲ್ಪ ದೊಡ್ಡ ರಜೆಯನ್ನೇ ಕೊಟ್ಟರು.

ಹೊಸದಾಗಿ ಬಂದ ನಾಯಿಗಳೂ ಹಾಸ್ಟೆಲಿಗೆ ಬಂದ ಹೊಸಬರೂ ಒಂದೇ ಜಾತಿ ಎಂದು ಗಿಣಿಯ ಸಿದ್ಧಾಂತ. ಮೊದಲ ರಾತ್ರಿ ಅಳು, ಮರುದಿನ ಮುನಿಸು, ಆಮೇಲೆ ಪಕ್ಕದ ಕೋಣೆಯವನ ತಟ್ಟೆಯ ಮೇಲೆ ಕಣ್ಣು. ಮನೆಯ ವಾಸನೆ ಇರುವ ಹಾಸಿಗೆ ಕೊಟ್ಟು, ಊಟಕ್ಕೆ ಮುಂಚೆ ಒಂದು ಸುತ್ತು ತಿರುಗಾಡಿಸಿ, ಮನೆಯ ಹೊತ್ತಿಗೇ ಬಟ್ಟಲು ಇಟ್ಟರೆ ಎಂಥವನೂ ದಾರಿಗೆ ಬರುತ್ತಿದ್ದ. ಕಂಬಳಿಗೆ ಅವೆಲ್ಲವೂ ಆಗಿತ್ತು. ಬಟ್ಟಲ ಬಳಿ ಬರುತ್ತಿದ್ದ, ಮೂಗು ಇಳಿಸುತ್ತಿದ್ದ, ಗಿಣಿಯ ಮುಖ ನೋಡುತ್ತಿದ್ದ, ಹಿಂದೆ ಸರಿಯುತ್ತಿದ್ದ. ಬಂದಾಗಿನಿಂದ ನೀರು ಬಿಟ್ಟರೆ ಏನೂ ಇಳಿದಿರಲಿಲ್ಲ.

"ಹಲ್ಲಿನ ಡಾಕ್ಟ್ರ ನಾಯಿ ಹಲ್ಲೇ ಆಡಿಸ್ತಿಲ್ವಲ್ಲೋ," ಎಂದಳು ಅಕ್ಕ, ಪೊರಕೆಗೆ ಸುತ್ತಿಕೊಂಡ ಕೂದಲು ಬಿಡಿಸುತ್ತ.

"ಪೊರಕೇಲೂ ಕೂದಲು, ಕಾಫಿ ಲೋಟದಲ್ಲೂ ಕೂದಲು. ನನ್ನ ಪ್ಯಾಂಟೇ ಅರ್ಧ ನಾಯಿ ಆಗಿದೆ."

"ಕಂಬಳೀಲಿ ಕೂತು ಊಟ ಮಾಡ್ತಾ ಕೂದಲು ಬಂತು ಅನ್ಬೇಡ. ಮಾತು ತಿರುಗಿಸ್ಬೇಡ. ಸಂಜೆ ಡಾಕ್ಟ್ರು ಫೋನ್ ಮಾಡ್ತಾರೆ. ಅಷ್ಟರಲ್ಲಿ ಇವನು ತಿನ್ನದಿದ್ರೆ ನಾನು ನಿಜ ಹೇಳಿಬಿಡ್ತೀನಿ."

ನಿಜ ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರಮ್ಮ ದೂರದ ಊರಿನಲ್ಲಿ ತಾಯಿಯ ಸೊಂಟದ ಆಪರೇಷನ್ನಿಗೆ ಹೋಗಿದ್ದರು. ಇದೇ ಕಂಬಳಿಯ ಸಲುವಾಗಿ ಅದನ್ನು ಒಮ್ಮೆ ಮುಂದಕ್ಕೆ ಹಾಕಿದ್ದಾಗಿತ್ತು. "ಊಟ ಬಿಟ್ಟ ಅಂದ್ರೆ ಹೇಳಿ, ಬಂದ್ಬಿಡ್ತೀನಿ. ಅಮ್ಮ ಇನ್ನೊಂದಷ್ಟು ದಿನ ಕಾಯ್ತಾರೆ," ಎಂದು ಗೇಟಿನಲ್ಲಿ ಹೇಳಿಹೋಗಿದ್ದರು. ಕಾಯುವ ಆ ಮುದುಕಿ ಹಾಸಿಗೆಯಿಂದ ಏಳಲಾರರು.

"ಫೋನ್ ಬರಲಿ, ಡಾಕ್ಟ್ರು ಬರೋದೇ ಬೇಡ," ಎಂದ ಗಿಣಿ. "ಡಾಕ್ಟ್ರು ಇಲ್ಲೇ ಇದ್ದಾರೆ." ಗಂಟಲು ಸರಿಮಾಡಿಕೊಂಡು, ದನಿಗೆ ಸ್ವಲ್ಪ ಮೂಗು ಬೆರೆಸಿ, ಡಾಕ್ಟರಮ್ಮನ ರಾಗ ಎಳೆದ: "ಸಾಕೂ... ಸಾಕು ಕಣೋ ಕಂಬಳೀ..."

ಗೇಟಿನಲ್ಲಿ ಅವರು ಮಂಡಿಯೂರಿ ಕೂತಾಗ ಕಂಬಳಿ ಮುಖವಿಡೀ ನೆಕ್ಕುತ್ತಿದ್ದ. ಅಳುತ್ತ ನಗುತ್ತ ಅವರು ಅದೊಂದನ್ನೇ ಹೇಳುತ್ತಿದ್ದರು. ಗಿಣಿ ಅಲ್ಲೇ ಅದನ್ನು ಕದ್ದಿದ್ದ. ಅಂದಿನಿಂದ ಬಟ್ಟಲು ಇಟ್ಟಾಗಲೆಲ್ಲ, ಎದುರಿಗೆ ಕೂತು, ಜೀವ ತೇಯ್ದು ಅದನ್ನೇ ಹಾಡುತ್ತಿದ್ದ.

"ಅದೇನೋ ಅದು, ಸಾಕು ಸಾಕು ಅಂತ?"

"ಅದು ಬೇರೆ ಸಾಕಲ್ಲಕ್ಕ. ಸಾಕುಮಗ ಅಂತಾರಲ್ಲ, ಅದರ ಅರ್ಧ. ಮುದ್ದಿನ ಹೆಸರು. ಭಾಷೆ ಗೊತ್ತಿರೋರಿಗೆ ಹೊಳೆಯುತ್ತೆ."

"ಭಾಷೆ ಗೊತ್ತಿಲ್ಲಪ್ಪ ನಂಗೆ. ಇಷ್ಟು ನಾಯಿ ಸಾಕ್ತೀನಿ, ಕಷ್ಟ ಆಗಿಲ್ಲ. ನಿನ್ನೊಬ್ಬನ್ನ ಸಾಕೋದೇ ಸಾಕಾಗಿದೆ."

ಕಂಬಳಿ ಬಟ್ಟಲಿನಿಂದ ಹಿಂದೆ ಸರಿದು ಗೋಡೆಗೆ ಒರಗಿ ಕೂತ. ಮತ್ತೆ ಎದ್ದ. ಟಕಟಕ. ಪಕ್ಕದ ಕೋಣೆಯ ಮುದಿ ನಾಯಿ ಗೊಣಗಿತು. ಅದನ್ನು ಕೇಳಿ ಆಚೆ ಕೋಣೆಯದು ಬೊಗಳಿತು. ಗಳಿಗೆಯಲ್ಲಿ ಸಾಲಿಗೆ ಸಾಲೇ ಎದ್ದು ನಿಂತಿತು. ಗಿಣಿ ಅಂಗಳದ ಉದ್ದಕ್ಕೂ ಹೋದ, ಬಂದ. ನಾಯಿಪಾಡು ಎಂದು ಜನ ಸುಮ್ಮನೆ ಅನ್ನುವುದಿಲ್ಲ ಎನಿಸಿತು.

ಮಧ್ಯಾಹ್ನ ತಡವಾಗಿ ಅಕ್ಕತಮ್ಮ ಕಂಬಳಿಯ ಕೋಣೆಯ ಎದುರಿನ ಜಗುಲಿಯಲ್ಲೇ ಊಟಕ್ಕೆ ಕೂತರು. ಜೊತೆಗೆ ಯಾರಾದರೂ ತಿಂದರೆ ನಾಯಿಗೂ ಆಸೆ ಹುಟ್ಟೀತೆಂದು ಅಕ್ಕನ ಉಪಾಯ. ಜಾಲರಿ ಬಾಗಿಲು ತೆರೆದಿಟ್ಟು, ಬಟ್ಟಲಿಗೆ ಬಿಸಿ ಕೋಳಿ ಹಾಕಿದ್ದಳು. ಯೋಚನೆಯಲ್ಲಿದ್ದ ಗಿಣಿಗೆ ಮಾತೇ ಹೊರಡಲಿಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲಿ ಕಂಬಳಿ ಬಂದ, ಬಟ್ಟಲಿಗೆ ಬಗ್ಗಿದ, ಒಂದು ಚೂರನ್ನು ಹಲ್ಲಿನ ತುದಿಯಲ್ಲಿ ಎತ್ತಿಕೊಂಡ.

ಅಕ್ಕ ತಮ್ಮನ ತಟ್ಟೆಗೆ ಇನ್ನೊಂದು ಸೌಟು ತಂದಳು. ಗಿಣಿ ರೂಢಿಯ ಚೇಷ್ಟೆಯಲ್ಲಿ ಡಾಕ್ಟರಮ್ಮನ ರಾಗದಲ್ಲೇ ಎಂದ: "ಸಾಕೂ... ಸಾಕು ಕಣೇ."

ಅಕ್ಕನ ಸೌಟು ಗಾಳಿಯಲ್ಲಿ ನಿಂತಿತು. ಕಂಬಳಿಯ ಬಾಯಿಯ ಚೂರು ಬಟ್ಟಲಿಗೆ ಬಿತ್ತು. ಅವನು ಹಿಂದೆ ಸರಿದು, ಒಳ್ಳೆಯ ವಿದ್ಯಾರ್ಥಿಯಂತೆ ಕೂತ.

ಗಿಣಿ ಸೌಟನ್ನು ನೋಡಿದ. ನಾಯಿಯನ್ನು ನೋಡಿದ. ಹೆಸರಲ್ಲ, ಮುದ್ದಲ್ಲ. ನೆಕ್ಕುವುದಾಗಲಿ ತಿನ್ನುವುದಾಗಲಿ, ನಿಲ್ಲಿಸು ಎಂಬ ಆಜ್ಞೆ, ಅದೂ ಯಜಮಾನಿಯ ದನಿಯಲ್ಲಿ. ಪಾಪದವನು ಬಂದಾಗಿನಿಂದ ಹೇಳಿದ ಮಾತು ಕೇಳಿಯೇ ಹಸಿದಿದ್ದ.

"ಅಕ್ಕ," ಎಂದ, ಬಹಳ ಸಣ್ಣ ದನಿಯಲ್ಲಿ. "ಅದು ಬೇರೆ ಸಾಕಲ್ಲ. ಅದೇ ಸಾಕು."

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಸೌಟನ್ನು ಅವನ ತಲೆಯ ಮೇಲೆ ಎತ್ತಿದಳು, ಇಳಿಸಲಿಲ್ಲ. "ಗಿಣಿಪಾಠ ಅಂದ್ರೆ ಇದೇ ನೋಡು. ಬಾಯಿ ಮುಚ್ಕೊಂಡು ಕೂತ್ಕೊ."

ಗಿಣಿ ಹೆಗಲ ಟವೆಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ, ನಾಯಿಗೆ ಬೆನ್ನು ಹಾಕಿ ಕೂತ. ಅವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಪ್ರಿನ್ಸಿಪಾಲರಿಗೂ ಹೊಳೆದಿರಲಿಲ್ಲ. ನಾಲಿಗೆ ತುರಿಸಿತು. ಬಿಸಿಲು ಜಗುಲಿಯ ಅಂಚಿಗೆ ಸರಿಯಿತು. ಬೆನ್ನ ಹಿಂದೆ ಟಕಟಕ, ಮತ್ತೆ ಟಕಟಕ. ನಿಂತಿತು. ಕೊನೆಗೊಮ್ಮೆ ಬಟ್ಟಲು ನೆಲಕ್ಕೆ ಉಜ್ಜುವ ಸದ್ದು, ಲೊಚಲೊಚ.

ಅಷ್ಟರಲ್ಲಿ ಫೋನು. ಕೈ ಮುಸುರೆಯೆಂದು ಅಕ್ಕ ಮೊಣಕೈಯಿಂದಲೇ ಸ್ಪೀಕರು ಒತ್ತಿದಳು.

"ಹೇಗಿದ್ದಾನೆ ನನ್ನ ಕಂಬಳಿ?"

ಲೊಚಲೊಚ ನಿಂತಿತು. ಕಂಬಳಿ ತಲೆ ಎತ್ತಿದ. ಎರಡೂ ಕಿವಿ ಫೋನಿನ ಕಡೆ.

ಗಿಣಿ ಟವೆಲ್ ಉಗುಳಿದ. "ಊಟ ಮಾಡ್ತಿದ್ದಾನೆ ಡಾಕ್ಟ್ರೇ."

"ಮಾಡ್ತಿದ್ದಾನಾ? ಅಯ್ಯೋ, ನಂಗೆ ಅಷ್ಟು..."

ಇನ್ನೊಬ್ಬರ ಮಾತನ್ನು ಬಾಯಲ್ಲಿಟ್ಟುಕೊಂಡು ತಿರುಗಿದವನಿಗೆ ಅವರ ಮುಂದಿನ ಮಾತು ಅವರಿಗಿಂತ ಮೊದಲೇ ಗೊತ್ತಾಗುತ್ತದೆ. ಗಿಣಿ ಹಾರಿ ಫೋನು ಕಿತ್ತುಕೊಂಡು, ಸ್ಪೀಕರು ಆರಿಸಿ, ಕಿವಿಗೆ ಒತ್ತಿಕೊಂಡ.

"...ಸಾಕು," ಎಂದಿತು ಫೋನು, ಅವನ ಕಿವಿಗೆ ಮಾತ್ರ. "ಅಷ್ಟು ಸಾಕು ಬಿಡಿ. ನಾಳೆ ಬೆಳಿಗ್ಗೆ ಅಮ್ಮನ್ನ ಒಳಗೆ ಕರ್ಕೊಂಡು ಹೋಗ್ತಾರೆ. ಮಾತಾಡ್ತಿರೋದು ಯಾರು? ದನಿ ಗುರುತು ಸಿಗಲಿಲ್ಲ."

"ನಾನೇ, ಗಿಣಿ," ಎಂದ ಅವನು. ಆ ದನಿ ಅವನಿಗೂ ಅಷ್ಟಾಗಿ ಪರಿಚಯವಿರಲಿಲ್ಲ.

ಕಂಬಳಿ ಇನ್ನಷ್ಟು ಹೊತ್ತು ಫೋನನ್ನೇ ನೋಡಿದ. ಮತ್ತೆ ತಲೆ ತಗ್ಗಿಸಿದ. ಬಟ್ಟಲು ಅರ್ಧಕ್ಕಿಂತ ಕೆಳಗಿಳಿಯಿತು.

"ಇನ್ನೊಂಚೂರು ಹಾಕ್ಲೇನೋ ಅವನಿಗೆ?" ಎಂದಳು ಅಕ್ಕ.

ಖಾಲಿ ಹೊಟ್ಟೆಗೆ ಒಮ್ಮೆಲೇ ಅಷ್ಟೊಂದು ಹಾಕಬಾರದು. ಗಿಣಿ ಬಾಯಿ ತೆರೆದ. ನಾಯಿಯನ್ನು ನೋಡಿದ. ಬಾಯಿ ಮುಚ್ಚಿ, ಬರಿದೇ ಕೈ ಆಡಿಸಿದ.