ಕೊಡೆ ಅಂಗಡಿಯ ಗಿರಾಕಿ

ಟೊಕಿಯೆ ಅಜ್ಜಿಯ ಕೊಡೆ ಅಂಗಡಿಯ ಮಾಡು ಸೋರಿದರೆ ನೀರು ಇಳಿಯುವುದು ಪಕ್ಕದ ನನ್ನ ಉಪ್ಪಿನಕಾಯಿ ಪೀಪಾಯಿಗಳ ಮೇಲೆ. ನಮ್ಮ ಪೇಟೆಬೀದಿಯಲ್ಲಿ ಪಾಳುಬಿದ್ದ ಅಂಗಡಿಗಳ ರಿಪೇರಿಗೆ ನಗರಸಭೆ ಅನುದಾನ ಕೊಡುತ್ತದೆಂದು ತಿಳಿದಾಗ, ಅಜ್ಜಿಯ ಬೆನ್ನುಬಿದ್ದು ಅರ್ಜಿ ಹಾಕಿಸಿದವನು ನಾನೇ. ಷರತ್ತು ಒಂದೇ: ಒಂದು ವರ್ಷದಿಂದ ಅಲ್ಲಿ ವ್ಯಾಪಾರ ನಡೆದಿರಬಾರದು.

ನಡೆದೂ ಇರಲಿಲ್ಲ. ಆದರೆ ಪರಿಶೀಲನೆಗೆ ಬಂದ ಅಧಿಕಾರಿ ನಗುಮೊ ಮಹಾ ಸಂಕೋಚದ ಮನುಷ್ಯ. ಅಜ್ಜಿ ಷಟರ್ ಎತ್ತಿ, ಚಹಾ ಕೊಟ್ಟು, ಕೊಡೆಗಳನ್ನು ಬಿಚ್ಚಿ ತೋರಿಸಿದ ಮೇಲೆ ಬರಿಗೈಯಲ್ಲಿ ಹೋಗಲಾರದೆ ಒಂದನ್ನು ಕೊಂಡ. ಕೊಂಡವನು, ವ್ಯಾಪಾರ ನಡೆದಿದೆ ಎಂದು ತಾನೇ ವರದಿಯನ್ನೂ ಬರೆದ! ಮರುವರ್ಷವೂ ಅದೇ ಕತೆ.

ಈ ಸಲ ಅವನನ್ನು ಬೀದಿಯಲ್ಲೇ ತಡೆದೆ.

“ನಗುಮೊ ಅವರೇ, ನಿಮ್ಮ ಸಂಕೋಚಕ್ಕಿಷ್ಟು ಬೆಂಕಿ ಹಾಕ! ಏನೂ ತಗೋಬೇಡಿ. ಕೈ ಜೇಬಲ್ಲೇ ಇರ್ಲಿ.”

“ಅಜ್ಜಿ ಮುಂದೆ ಜೇಬಲ್ಲಿ ಕೈ ಇಟ್ಕೊಂಡು ನಿಲ್ಲೋದಾ? ಚೆನ್ನಾಗಿರುತ್ತಾ ಹೇಳಿ?”

ಆದರೂ ನನ್ನ ಜೊತೆ ಅಂಗಡಿಯೊಳಗೆ ಬಂದಮೇಲೆ ನನ್ನ ಮಾತು ಕೇಳಿದ. ಅಜ್ಜಿ ನೀಲಿ ಕೊಡೆಯೊಂದನ್ನು ಬಿಚ್ಚಿ ತೋರಿಸಿದಾಗ ತಲೆ ಬಾಗಿಸಿ ಬೇಡವೆಂದ. ಅಜ್ಜಿ ಅದನ್ನು ಮಡಿಸಿ, ನೆರಿಗೆಗಳನ್ನು ಒಂದೊಂದಾಗಿ ಬೆರಳಿನಿಂದ ತೀಡಿದರು.

“ಇರ್ಲಿ ಬಿಡಪ್ಪ. ಈಗಿನೋರಿಗೆ ಇವೆಲ್ಲ ಹಿಡಿಸಲ್ವೇನೋ.”

ನಗುಮೊ ನೆಲ ನೋಡುತ್ತಾ ವರದಿ ಬರೆಯಲು ಪೆನ್ನು ತೆಗೆದ. ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು.

“ಅಜ್ಜಿ, ಆ ನೀಲಿದು ನಂಗೆ ಕೊಡಿ,” ಎಂದೆ.

ನಗುಮೊ ನನ್ನನ್ನೇ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದ.

ಆ ಕೊಡೆ ಈಗ ನನ್ನ ಪೀಪಾಯಿಗಳ ಮೇಲೆ ಬಿಚ್ಚಿಕೊಂಡು ನಿಂತಿದೆ.